ಬೇಕಾದಾಗ ಮಾತ್ರ ಬರುವ ಬಲ: ದಿನಬಳಕೆಯ ಪಿಕಪ್ ಟ್ರಕ್ಕು ಮತ್ತು ಸೂಪರ್‌ಚಾರ್ಜರ್

ಅಮೆರಿಕದ ವಾಹನಪ್ರಿಯರಲ್ಲಿ ಆಳವಾಗಿ ಬೇರೂರಿರುವ ಒಂದು ಅಭಿಪ್ರಾಯದಂತೆ, ದಿನನಿತ್ಯ ಓಡಿಸುವ ಪೆಟ್ರೋಲ್ ಪಿಕಪ್ ಟ್ರಕ್ಕಿಗೆ ಸೂಪರ್‌ಚಾರ್ಜರ್ ಜೋಡಿಸುವುದು ಹಣವೊಂದನ್ನು ಬಿಟ್ಟರೆ ಬೇರಾವ ನಷ್ಟವನ್ನೂ ತಾರದ ಸುಧಾರಣೆ. ಕರ್ನಾಟಕದ ಓದುಗರಿಗೆ ಪಿಕಪ್ ಎಂದರೆ ತರಕಾರಿ, ಸಿಮೆಂಟು ಸಾಗಿಸುವ ಬಾಡಿಗೆ ಗಾಡಿ. ಆದರೆ ಅಮೆರಿಕದಲ್ಲಿ ಅದು ಮನೆಯ ಕಾರಿನ ಸ್ಥಾನವನ್ನೇ ಪಡೆದಿದ್ದು, ಅಲ್ಲಿ 1977ರಿಂದ ಸತತವಾಗಿ ಅತಿ ಹೆಚ್ಚು ಮಾರಾಟವಾಗುತ್ತ ಬಂದಿರುವ ಟ್ರಕ್ಕು ಫೋರ್ಡ್‌ನ ಎಫ್ ಸರಣಿ. ಕೆಲಸಕ್ಕೆ ಹೋಗಿಬರುವುದಕ್ಕೂ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ವಾರಾಂತ್ಯದಲ್ಲಿ ದೋಣಿಯನ್ನೋ ತಂಗುವ ಟ್ರೈಲರನ್ನೋ ಎಳೆಯುವುದಕ್ಕೂ ಒಂದೇ ವಾಹನ ಬಳಕೆಯಾಗುವ ಆ ನಾಡಿನಲ್ಲಿ ಈ ಅಭಿಪ್ರಾಯ ಎರಡು ವಾದಗಳ ಮೇಲೆ ನಿಂತಿದೆ. ಸೂಪರ್‌ಚಾರ್ಜರ್ ದುಡಿಯುವುದು ಆಕ್ಸಿಲರೇಟರನ್ನು ಬಲವಾಗಿ ಒತ್ತಿದಾಗ ಮಾತ್ರವಾದ್ದರಿಂದ ಉಳಿದ ಹೊತ್ತಿನಲ್ಲಿ ಟ್ರಕ್ಕು ಮೊದಲಿದ್ದಂತೆಯೇ ಇರುತ್ತದೆ, ಮೈಲೇಜಿಗೂ ಬಾಳಿಕೆಗೂ ಧಕ್ಕೆಯಿಲ್ಲ ಎಂಬುದು ಮೊದಲನೆಯ ವಾದ. ಪಿಕಪ್ ಹೊರೆ ಎಳೆಯುವ ವಾಹನವಾದ್ದರಿಂದ ಹೆಚ್ಚಿನ ಬಲ ಅದಕ್ಕೆ ಸ್ವಭಾವತಃ ಉಪಯುಕ್ತ ಎಂಬುದು ಎರಡನೆಯದು. ಒಂದು ನಿರಪಾಯದ ವಾದ, ಇನ್ನೊಂದು ಉಪಯೋಗದ ವಾದ. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ಸತ್ಯಾಂಶವಿದೆ. ಗೊಂದಲವಿರುವುದು ಒಂದೇ ಟ್ರಕ್ಕಿನ ಬಗ್ಗೆ ಎರಡನ್ನೂ ಒಟ್ಟಿಗೆ ಹೇಳುವುದರಲ್ಲಿ.

ಎಂಜಿನ್ನಿನ ಶಕ್ತಿ ಇಂಧನದಿಂದ ಬಂದರೂ ಆ ಶಕ್ತಿಯ ಮಿತಿಯನ್ನು ನಿರ್ಧರಿಸುವುದು ಗಾಳಿ. ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ತನ್ನ 14.7 ಪಟ್ಟು ಗಾಳಿಯನ್ನು ಬೇಡುತ್ತದೆ; ಸಾಮಾನ್ಯ ಎಂಜಿನ್ ಈ ಗಾಳಿಯನ್ನು ವಾತಾವರಣದ ಒತ್ತಡದ ನೆರವಿನಿಂದ ಮಾತ್ರ ಒಳಗೆಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು. (ಎರಡೂ ಕಡೆ ಒಂದೇ ಅಂಕಿ ಬಂದಿರುವುದು ಕಾಕತಾಳೀಯವಷ್ಟೇ.) ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟಿನ ಮೂಲಕ ತಿರುಗಿ, ಗಾಳಿಯನ್ನು ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಸಿಲಿಂಡರುಗಳಿಗೆ ತುಂಬುವ ಪಂಪೇ ಸೂಪರ್‌ಚಾರ್ಜರ್. ನಮ್ಮ ಡೀಸೆಲ್ ವಾಹನಗಳಿಂದಾಗಿ ಎಲ್ಲರಿಗೂ ಪರಿಚಿತವಾದ ಟರ್ಬೊ ಮಾಡುವುದೂ ಇದೇ ಕೆಲಸವನ್ನು; ಆದರೆ ಅದು ಹೊಗೆಕೊಳವೆಯ ಕಡೆಗೆ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ತಿರುಗುತ್ತದೆ, ಸೂಪರ್‌ಚಾರ್ಜರ್ ಎಂಜಿನ್ನಿನ ದುಡಿಮೆಯಲ್ಲೇ ಪಾಲು ಪಡೆದು ತಿರುಗುತ್ತದೆ. ಇಂದಿನ ಹಲವು ಸೂಪರ್‌ಚಾರ್ಜರುಗಳ ಮೂಲ ರೂಪವನ್ನು ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಮಾಡಿದರು. ಮೋಟಾರು ವಾಹನವೇ ಹುಟ್ಟಿರದ ಆ ಕಾಲದಲ್ಲಿ ಅದು ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದುವ ತಿದಿಯಾಗಿ ಬಳಕೆಗೆ ಬಂತು. ಜನರಲ್ ಮೋಟಾರ್ಸ್ 1938ರಲ್ಲಿ ಹೊರತಂದ ಎರಡು-ಸ್ಟ್ರೋಕಿನ ಡೀಸೆಲ್ ಎಂಜಿನ್ನುಗಳಲ್ಲಿಯೂ ಇದೇ ಬಗೆಯ ಊದುಯಂತ್ರವಿತ್ತು, ಮತ್ತು ಅಮೆರಿಕದ ಹಾಟ್‌ರಾಡ್ ಹವ್ಯಾಸಿಗಳು (ಹಳೆಯ ಕಾರುಗಳನ್ನು ವೇಗಕ್ಕಾಗಿ ಮಾರ್ಪಡಿಸುವವರು) ಹಳೆಯ ಲಾರಿ, ಬಸ್ಸುಗಳಿಂದ ಅದನ್ನೇ ಬಿಚ್ಚಿ ತಮ್ಮ ಕಾರುಗಳ ನೆತ್ತಿಗೆ ಕೂರಿಸಿದರು. ಟ್ರಕ್ಕಿಗೂ ಸೂಪರ್‌ಚಾರ್ಜರಿಗೂ ಹಳೆಯ ನಂಟಿದೆ ಎಂದು ಇದನ್ನು ಉದಾಹರಿಸುವವರುಂಟು. ಆ ಡೀಸೆಲ್ಲುಗಳಲ್ಲಿ ಊದುಯಂತ್ರ ಇದ್ದದ್ದು ಉರಿದ ಹೊಗೆಯನ್ನು ಹೊರತಳ್ಳಿ ಸಿಲಿಂಡರನ್ನು ಶುಚಿಗೊಳಿಸುವುದಕ್ಕೇ ಹೊರತು ಹೆಚ್ಚುವರಿ ಬಲಕ್ಕಲ್ಲ ಎಂಬ ಸಂಗತಿ ಅಲ್ಲಿ ಮರೆತುಹೋಗುತ್ತದೆ.

ನಿರಪಾಯದ ವಾದಕ್ಕೆ ಸಲ್ಲಬೇಕಾದ ಮಾನ್ಯತೆ ಮೊದಲು ಸಲ್ಲಲಿ. ಖಾಲಿ ಪಿಕಪ್ಪೊಂದು ಸಮತಟ್ಟು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗಲು ಮೂವತ್ತು ನಲವತ್ತು ಅಶ್ವಶಕ್ತಿಯ ಆಸುಪಾಸಿನಷ್ಟು ಸಾಕು. ಆ ಹೊತ್ತಿನಲ್ಲಿ ಎಂಜಿನ್ನಿನ ಗಾಳಿದ್ವಾರ ಬಹುಪಾಲು ಮುಚ್ಚಿದ್ದು, ಒಳಗೆ ಒತ್ತಡಕ್ಕೆ ಬದಲಾಗಿ ನಿರ್ವಾತವೇ ಇರುತ್ತದೆ. ಇಂದಿನ ಸೂಪರ್‌ಚಾರ್ಜರುಗಳಲ್ಲಿರುವ ಬೈಪಾಸ್ ಕವಾಟ ಆಗ ತೆರೆದುಕೊಂಡು, ಪಂಪು ಹೊರಹಾಕಿದ ಗಾಳಿಯನ್ನು ಅದರ ಬಾಯಿಗೇ ಮರಳಿಸುವುದರಿಂದ ಪಂಪು ಒತ್ತಡವನ್ನೆದುರಿಸದೆ ಸುಮ್ಮನೆ ಸುತ್ತುತ್ತದೆ, ಅದು ನುಂಗುವ ಶಕ್ತಿಯೂ ತೀರ ಅಲ್ಪ. ಆದ್ದರಿಂದ ಸೂಪರ್‌ಚಾರ್ಜರ್ ಹಾಕಿದೊಡನೆ ಹೆದ್ದಾರಿಯ ಮೈಲೇಜು ಪಾತಾಳಕ್ಕಿಳಿಯುತ್ತದೆ ಎನ್ನುವ ವಿರೋಧಿಗಳ ಮಾತು ಉತ್ಪ್ರೇಕ್ಷೆ. ಪಾದ ಹಗುರವಾಗಿದ್ದಷ್ಟು ಕಾಲ ಟ್ರಕ್ಕು ಬಹುಮಟ್ಟಿಗೆ ಮೊದಲಿನಂತೆಯೇ ನಡೆದುಕೊಳ್ಳುತ್ತದೆ ಎಂಬುದು ನಿಜ.

ಆದರೆ ಬಹುಮಟ್ಟಿಗೆ ಎಂಬ ಮಾತಿನ ಆಚೆ ಉಳಿಯುವ ಭಾಗವನ್ನು ವಾದಿಗಳು ಎಣಿಸುವುದಿಲ್ಲ. ಬಲ ಬೇಕಾದಾಗ ಮಾತ್ರ ಬರಬಹುದು. ಆ ಬಲಕ್ಕೆ ಬೇಕಾದ ಸಿದ್ಧತೆ ಮಾತ್ರ ಸದಾಕಾಲ ಇರಲೇಬೇಕು. ಇದರ ಮೊದಲ ಬಿಲ್ಲು ಬರುವುದು ಪೆಟ್ರೋಲ್ ಬಂಕಿನಲ್ಲಿ. ಪಿಸ್ಟನ್ ಕೆಳತುದಿಯಲ್ಲಿದ್ದಾಗ ಸಿಲಿಂಡರಿನೊಳಗಿರುವ ಜಾಗಕ್ಕೂ ಮೇಲ್ತುದಿಗೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣವನ್ನು ಸಂಪೀಡನ ಅನುಪಾತ ಎನ್ನುತ್ತಾರೆ. ಈ ಅನುಪಾತ ಹೆಚ್ಚಿದಷ್ಟೂ ಎಂಜಿನ್ ಇಂಧನವನ್ನು ದಕ್ಷವಾಗಿ ಬಳಸುತ್ತದೆ. ಅದರ ಜೊತೆಗೇ, ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಚ್ಚಿದ ಜ್ವಾಲೆ ತಲುಪುವ ಮುನ್ನವೇ ಉಳಿದ ಮಿಶ್ರಣ ತಾನಾಗಿ ಸಿಡಿಯುವ ಅಪಾಯವೂ ಹೆಚ್ಚುತ್ತದೆ. ನಾಕಿಂಗ್ ಎಂದು ಮೆಕ್ಯಾನಿಕ್ಕುಗಳು ಕರೆಯುವ ಈ ಸಿಡಿತ ಮುಂದುವರಿದರೆ ಪಿಸ್ಟನ್ ಒಡೆಯಬಹುದು. ಅದನ್ನು ತಡೆದುಕೊಳ್ಳುವ ಇಂಧನದ ಗುಣವೇ ಆಕ್ಟೇನ್. ಫೋರ್ಡ್ ಎಫ್-150ರ 5 ಲೀಟರಿನ ವಿ8 ಎಂಜಿನ್ 2018ರಿಂದ 12:1ರ ಸಂಪೀಡನ ಅನುಪಾತದಲ್ಲಿದ್ದೂ 87 ಆಕ್ಟೇನಿನ ಸಾಧಾರಣ ಪೆಟ್ರೋಲಿನಲ್ಲಿ ಓಡುತ್ತದೆ. ಅದಕ್ಕೆ ಸೂಪರ್‌ಚಾರ್ಜರ್ ಜೋಡಿಸಿದ ಮೇಲೆ 91ರ ಅಥವಾ ಅದಕ್ಕೂ ಮೇಲಿನ ಪ್ರೀಮಿಯಂ ಪೆಟ್ರೋಲು ಅನಿವಾರ್ಯ. (ಅಮೆರಿಕದಲ್ಲಿ ಆಕ್ಟೇನನ್ನು ಎರಡು ಪರೀಕ್ಷೆಗಳ ಸರಾಸರಿಯಾಗಿ ಬರೆಯುವುದರಿಂದ ಅಲ್ಲಿನ 87 ಹೆಚ್ಚುಕಡಿಮೆ ಭಾರತದ ಅಳತೆಯ 91ಕ್ಕೆ ಸಮ.) ಸೂಪರ್‌ಚಾರ್ಜರ್ ದುಡಿಯುವುದು ದಿನಕ್ಕೆ ಒಂದೆರಡು ನಿಮಿಷವಾದರೂ ಟ್ಯಾಂಕು ಇರುವುದು ಒಂದೇ, ಹಗುರ ಪಾದದ ಕಿಲೋಮೀಟರಿಗೆ ಅಗ್ಗದ ಇಂಧನವನ್ನೂ ಭಾರ ಪಾದದ ಕ್ಷಣಕ್ಕೆ ದುಬಾರಿ ಇಂಧನವನ್ನೂ ಬೇರೆಬೇರೆ ತುಂಬುವ ಉಪಾಯವಿಲ್ಲ. ಆದ್ದರಿಂದ ಮೈಲೇಜು ಇಳಿಯದಿದ್ದರೂ ಕಿಲೋಮೀಟರಿನ ಖರ್ಚು ಏರುತ್ತದೆ, ಅದೂ ಪ್ರತಿ ಕಿಲೋಮೀಟರಿಗೆ. ಟ್ರಕ್ಕಿನ ಮೂತಿಯ ಮೇಲೆ ಸದಾ ಕುಳಿತಿರುವ ಪಂಪು ಮತ್ತು ಅದರ ತಂಪುಗೊಳಿಸುವ ಸಲಕರಣೆಗಳ ತೂಕ, ಬದಲಾದ ಎಂಜಿನ್ ಕಂಪ್ಯೂಟರಿನ ಸೂಚನೆಗಳು, ಅದರಿಂದ ಜಟಿಲವಾಗುವ ವಾರಂಟಿ ಇವೆಲ್ಲವೂ ಇದೇ ಬಗೆಯ ಸಿದ್ಧತೆಯ ವೆಚ್ಚಗಳು.

ವಾರಂಟಿಯ ವಿಚಾರದಲ್ಲಿ ಎರಡೂ ಪಕ್ಷಗಳು ಅರ್ಧ ಸತ್ಯವನ್ನೇ ಹೇಳುತ್ತವೆ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯಂತೆ, ಹೊರಗಿನ ಬಿಡಿಭಾಗ ಹಾಕಿದ ಒಂದೇ ಕಾರಣಕ್ಕೆ ತಯಾರಕರು ಇಡೀ ವಾರಂಟಿಯನ್ನು ರದ್ದುಮಾಡುವಂತಿಲ್ಲ. ಆದರೆ ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಿದರೆ ಆ ಹಾನಿಯ ದುರಸ್ತಿಯನ್ನು ನಿರಾಕರಿಸಬಹುದು. ಕಿಟಕಿಯ ಮೋಟಾರು ಕೆಟ್ಟರೆ ಮಾಲೀಕ ಸುರಕ್ಷಿತ. ಪಿಸ್ಟನ್ ಒಡೆದರೆ ಅಲ್ಲ. ಸೂಪರ್‌ಚಾರ್ಜರ್ ಹಾಕಿದವನಿಗೆ ರಕ್ಷಣೆ ಬೇಕಾಗಿರುವುದು ಎರಡನೆಯ ಸಂದರ್ಭದಲ್ಲಿಯೇ.

ಇನ್ನು ಉಪಯೋಗದ ವಾದ. ಇಲ್ಲಿ ಅಂದಾಜಿನ ಮಾತಿಗಿಂತ ಒಂದು ಸರಳ ಲೆಕ್ಕ ಹೆಚ್ಚು ತಿಳಿಸುತ್ತದೆ. ಎರಡೂವರೆ ಟನ್ನಿನ ಪಿಕಪ್ ಸುಮಾರು 3,200 ಕಿಲೋಗ್ರಾಂನ ಟ್ರೈಲರನ್ನು ಎಳೆಯುತ್ತ, ನೂರು ಮೀಟರಿಗೆ ಆರು ಮೀಟರಿನಂತೆ ಏರುವ ದಿಬ್ಬದಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗ ಕಾಯ್ದುಕೊಳ್ಳಬೇಕೆನ್ನೋಣ. ಗುರುತ್ವಾಕರ್ಷಣೆ, ಚಕ್ರಗಳ ಉರುಳುವಿಕೆ, ಗಾಳಿಯ ತಡೆ ಈ ಮೂರನ್ನೂ ಗೆಲ್ಲಲು, ಗೇರುಗಳಲ್ಲಿ ಆಗುವ ನಷ್ಟವೂ ಸೇರಿ, ಎಂಜಿನ್ನಿನಿಂದ ಸರಿಸುಮಾರು 200 ಅಶ್ವಶಕ್ತಿ ಬೇಕಾಗುತ್ತದೆ. ಇದೇ ವರ್ಗದ 2021ರ ಎಫ್-150ರ ವಿ8 ಯಾವ ಜೋಡಣೆಯೂ ಇಲ್ಲದೆ 400 ಅಶ್ವಶಕ್ತಿ ಕೊಡುತ್ತದೆ. ಅಂದರೆ ಬೇಕಾದದ್ದರ ಎರಡರಷ್ಟು ಅದರಲ್ಲಿ ಈಗಾಗಲೇ ಇದೆ. ಹಾಗಿದ್ದೂ ಅಂಥ ದಿಬ್ಬದಲ್ಲಿ ಚಾಲಕನಿಗೆ ಬಲ ಸಾಲದೆನಿಸುವುದೇಕೆಂದರೆ, ಸಾಮಾನ್ಯ ಎಂಜಿನ್ ಆ 200 ಅಶ್ವಶಕ್ತಿಯನ್ನು ನಿಮಿಷಕ್ಕೆ ಮೂರು ಸಾವಿರದ ಆಸುಪಾಸಿನ ಸುತ್ತುಗಳಲ್ಲಿ ಕೊಡುತ್ತದೆ. ಗೇರ್‌ಬಾಕ್ಸು ಕೆಳಗಿನ ಗೇರಿಗೆ ಇಳಿಯುತ್ತದೆ, ಎಂಜಿನ್ ಸದ್ದು ಏರುತ್ತದೆ. ಕೊರತೆಯೆಂದು ಕಾಣುವುದು ವಾಸ್ತವದಲ್ಲಿ ಸದ್ದು. ಸೂಪರ್‌ಚಾರ್ಜರ್ ಅದೇ ಶಕ್ತಿಯನ್ನು ಕಡಿಮೆ ಸುತ್ತುಗಳಲ್ಲಿ ಒದಗಿಸುವುದರಿಂದ ಸವಾರಿ ಹಾಯಾಗುತ್ತದೆ ನಿಜ. ಆದರೆ ಕಡಿಮೆ ಸುತ್ತುಗಳಲ್ಲಿ ಅಷ್ಟೇ ಕೆಲಸ ಎಂದರೆ ಪ್ರತಿ ಸುತ್ತಿನಲ್ಲಿ ಪಿಸ್ಟನ್ನಿನ ಮೇಲೆ ಹೆಚ್ಚು ಒತ್ತಡ, ನಾಕಿಂಗಿಗೆ ಹೆಚ್ಚು ಅವಕಾಶ. ಇದಕ್ಕೆ ಬದಲಾಗಿ ದಿಬ್ಬವನ್ನು ಹೆಚ್ಚು ವೇಗದಲ್ಲಿ ಏರುವುದಾದರೆ ಎಂಜಿನ್ ಹೊರಹಾಕಬೇಕಾದ ಬಿಸಿಯೂ ಅದೇ ಪ್ರಮಾಣದಲ್ಲಿ ಏರುತ್ತದೆ, ರೇಡಿಯೇಟರು ಮಾತ್ರ ಹಳೆಯದೇ.

ಬಿಸಿಯ ಈ ಪ್ರಶ್ನೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಚರ್ಚೆಯ ತಿರುಳು ಇರುವುದು ಇಲ್ಲಿಯೇ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಚದರ ಅಂಗುಲಕ್ಕೆ 7 ಪೌಂಡಿನಷ್ಟು, ಅಂದರೆ ಮಾರುಕಟ್ಟೆಯಲ್ಲಿ ಸೌಮ್ಯವೆಂದೇ ಹೆಸರಾದ ಹೆಚ್ಚುವರಿ ಒತ್ತಡವನ್ನು ತೆಗೆದುಕೊಂಡರೂ, ಪಂಪಿನ ದಕ್ಷತೆ ಶೇಕಡ 60 ಎಂದಿಟ್ಟುಕೊಂಡಾಗ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಬಂದ ಗಾಳಿ ಸುಮಾರು 86 ಡಿಗ್ರಿಗೆ ಕಾದು ಹೊರಬೀಳುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ, ಒತ್ತಡ ಶೇಕಡ 48ರಷ್ಟು ಏರಿದರೂ ಗಾಳಿಯ ಸಾಂದ್ರತೆ ಏರುವುದು ಶೇಕಡ 24ರಷ್ಟೇ. ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಅದನ್ನು 45 ಡಿಗ್ರಿಗೆ ಇಳಿಸಿದರೆ ಲಾಭ ಶೇಕಡ 40ರ ಹತ್ತಿರ ಬರುತ್ತದೆ. ಐದು ಲೀಟರಿನ ಎಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತುಗಳಲ್ಲಿ ಪೂರ್ಣ ಬಲದಿಂದ ದುಡಿಯುವಾಗ, ಗಾಳಿಯನ್ನು ಹೀಗೆ ಒತ್ತುವುದಕ್ಕೇ ಎಂಜಿನ್ನಿನ ದುಡಿಮೆಯಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಅಶ್ವಶಕ್ತಿ ವ್ಯಯವಾಗುತ್ತದೆ. ಆ ಶಕ್ತಿಯೆಲ್ಲ ಗಾಳಿಯ ಬಿಸಿಯಾಗಿ, ಅದರಲ್ಲಿ ದೊಡ್ಡ ಪಾಲು ಇಂಟರ್‌ಕೂಲರಿನ ನೀರಿಗಿಳಿದು, ಕೊನೆಗೆ ಟ್ರಕ್ಕಿನ ಮೂತಿಯಲ್ಲಿ ರೇಡಿಯೇಟರಿನ ಮುಂದೆ ಕೂರಿಸಿದ ಇನ್ನೊಂದು ಪುಟ್ಟ ರೇಡಿಯೇಟರಿನ ಮೂಲಕ ಹೊರಹೋಗಬೇಕು. ಸಿಗ್ನಲ್ಲಿನಿಂದ ಹೊರಟು ಹೆದ್ದಾರಿ ಸೇರುವ ಹತ್ತು ಸೆಕೆಂಡುಗಳಲ್ಲಿ ಈ ವ್ಯವಸ್ಥೆಗೆ ಕಷ್ಟವೇ ಇಲ್ಲ; ನೀರು ಆ ಬಿಸಿಯನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತದೆ. ಇಪ್ಪತ್ತು ನಿಮಿಷದ ಘಟ್ಟದಲ್ಲಿ ಹೀರಿಕೊಳ್ಳುವ ಅವಕಾಶ ಮೊದಲ ಒಂದೆರಡು ನಿಮಿಷಗಳಲ್ಲೇ ಮುಗಿಯುತ್ತದೆ. ಆಮೇಲೆ ಗಾಳಿಯ ಬಿಸಿ ಏರಿ, ನಾಕಿಂಗಿನ ಸುಳಿವು ಹಿಡಿದ ಕಂಪ್ಯೂಟರು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಅಂದರೆ ಎಂಜಿನ್ನನ್ನು ಉಳಿಸಲು ಬಲವನ್ನು ಕಡಿತಗೊಳಿಸುತ್ತದೆ. ಬೇಕಾದಾಗ ಬರುತ್ತದೆಂದು ಕೊಂಡ ಬಲ, ನಿಜಕ್ಕೂ ದೀರ್ಘಕಾಲ ಬೇಕಾದಾಗ ಹಿಂದೆ ಸರಿಯುವುದು ಹೀಗೆ.

ಈಗ ಎರಡು ವಾದಗಳನ್ನು ಎದುರುಬದುರು ನಿಲ್ಲಿಸಬಹುದು. ಸೂಪರ್‌ಚಾರ್ಜರ್ ನಿರಪಾಯವಾಗುವುದು ಅದು ಅಪರೂಪಕ್ಕೆ, ಸೆಕೆಂಡುಗಳ ಮಟ್ಟಿಗೆ ದುಡಿಯುವುದರಿಂದ. ಹೊರೆ ಎಳೆಯುವವನಿಗೆ ಅದು ಉಪಯುಕ್ತವಾಗಬೇಕಾದರೆ ಅದು ಪದೇಪದೇ, ನಿಮಿಷಗಟ್ಟಲೆ ದುಡಿಯಬೇಕು. ಮೊದಲನೆಯ ವಾದ ನಿಲ್ಲಲು ಬೇಕಾದ ಷರತ್ತನ್ನೇ ಎರಡನೆಯ ವಾದ ಮುರಿಯುತ್ತದೆ. ವಾದಿಗಳು ಬಾಳಿಕೆಯ ಪ್ರಶ್ನೆ ಬಂದಾಗ ಖಾಲಿ ಟ್ರಕ್ಕಿನ ನಗರ ಸಂಚಾರವನ್ನೂ, ಪ್ರಯೋಜನದ ಪ್ರಶ್ನೆ ಬಂದಾಗ ಟ್ರೈಲರ್ ಕಟ್ಟಿದ ಘಟ್ಟದ ದಾರಿಯನ್ನೂ ಮುಂದಿಡುತ್ತಾರೆ. ಒಂದು ಚಿತ್ರದ ಲಾಭಕ್ಕೆ ಇನ್ನೊಂದು ಚಿತ್ರದ ವೆಚ್ಚವನ್ನು ಹಾಕಿ ತೂಗಿದ ಲೆಕ್ಕ ಅದು.

ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರಿನೊಂದಿಗೆ ಹೊರಬಂದ ಪಿಕಪ್ಪುಗಳ ಚರಿತ್ರೆ ಈ ತೀರ್ಮಾನವನ್ನು ಬೇರೊಂದು ದಿಕ್ಕಿನಿಂದ ಬೆಂಬಲಿಸುತ್ತದೆ.

1. ಫೋರ್ಡ್ 1999ರಿಂದ 2004ರವರೆಗೆ ತಯಾರಿಸಿದ ಎಫ್-150 ಲೈಟ್ನಿಂಗ್‌ನ 5.4 ಲೀಟರ್ ಎಂಜಿನ್ನಿನಲ್ಲಿ ಸಂಪೀಡನ ಅನುಪಾತವನ್ನು ಸಾಮಾನ್ಯ ಟ್ರಕ್ಕಿನ 9.0ರಿಂದ 8.4ಕ್ಕೆ ಇಳಿಸಲಾಗಿತ್ತು. ಆರಂಭದ ವರ್ಷಗಳಲ್ಲಿ ಆ ಟ್ರಕ್ಕು ಹೊರಬಹುದಾದ ಭಾರ 800 ಪೌಂಡು, ಅಂದರೆ 363 ಕಿಲೋಗ್ರಾಂ ಮಾತ್ರ. ನಾಲ್ಕೈದು ಮಂದಿಯ ತೂಕಕ್ಕಿಂತ ಹೆಚ್ಚಲ್ಲ.

2. ರ‍್ಯಾಮ್ ಸಂಸ್ಥೆಯ 2021ರ ಟಿಆರ್‌ಎಕ್ಸ್ 702 ಅಶ್ವಶಕ್ತಿಯ ಸೂಪರ್‌ಚಾರ್ಜ್ಡ್ ವಿ8 ಹೊತ್ತು ಬಂತು. ಅದು ಎಳೆಯಬಹುದಾದ ಗರಿಷ್ಠ ಭಾರ 8,100 ಪೌಂಡು. ಅದೇ ಪೀಳಿಗೆಯ, ಅದಕ್ಕಿಂತ ಸುಮಾರು 300 ಅಶ್ವಶಕ್ತಿ ಕಡಿಮೆಯ ಸಾಧಾರಣ ರ‍್ಯಾಮ್ 1500, ತಕ್ಕ ಸಜ್ಜಿಕೆಯಿದ್ದರೆ, 12,750 ಪೌಂಡಿನವರೆಗೆ ಎಳೆಯಬಲ್ಲುದು. ಟಿಆರ್‌ಎಕ್ಸ್‌ನ ಮೈಲೇಜು ಅಮೆರಿಕ ಸರ್ಕಾರದ ಅಳತೆಯಂತೆ ಗ್ಯಾಲನ್ನಿಗೆ 12 ಮೈಲಿ, ಲೀಟರಿಗೆ 5 ಕಿಲೋಮೀಟರಿನ ಆಸುಪಾಸು.

ಟಿಆರ್‌ಎಕ್ಸ್‌ನ ಎಳೆತದ ಮಿತಿ ಇಳಿದದ್ದಕ್ಕೆ ಮುಖ್ಯ ಕಾರಣ ಮರಳು, ಕಲ್ಲುಗಳ ಮೇಲೆ ಜಿಗಿಯಲೆಂದು ಮಾಡಿದ ಅದರ ಮೆತ್ತನೆಯ ಸಸ್ಪೆನ್ಷನ್ನೇ ಹೊರತು ಎಂಜಿನ್ನಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ, ಮತ್ತು ಅದು ಇಲ್ಲಿ ಹೇಳಬೇಕಾದುದನ್ನೇ ಹೇಳುತ್ತದೆ: ಪಿಕಪ್ಪೊಂದು ಎಷ್ಟು ಹೊರಬಲ್ಲುದು, ಎಷ್ಟು ಎಳೆಯಬಲ್ಲುದು ಎಂಬುದನ್ನು ಸಸ್ಪೆನ್ಷನ್, ಚಾಸಿ, ಆಕ್ಸಲ್, ಬ್ರೇಕು, ರೇಡಿಯೇಟರುಗಳು ಸೇರಿ ನಿರ್ಧರಿಸುತ್ತವೆ, ಅಶ್ವಶಕ್ತಿಯ ಅಂಕಿಯಲ್ಲ. ಸೂಪರ್‌ಚಾರ್ಜರ್ ಇವುಗಳಲ್ಲಿ ಒಂದನ್ನೂ ಬಲಪಡಿಸುವುದಿಲ್ಲ. ಟ್ರಕ್ಕಿನ ಬಾಗಿಲಂಚಿನ ಚೀಟಿಯಲ್ಲಿ ಮುದ್ರಿಸಿರುವ ತೂಕದ ಮಿತಿ ಜೋಡಣೆಯ ಮರುದಿನವೂ ಅದೇ ಆಗಿರುತ್ತದೆ. ಜೋಡಿಸಿದ ಸಲಕರಣೆಯ ತೂಕವನ್ನು ಆ ಮಿತಿಯಿಂದಲೇ ಕಳೆಯಬೇಕು.

ಇದಕ್ಕೆ ಎದುರಾಗಿ ಬರುವ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು. ತಯಾರಕರೇ ಸೂಪರ್‌ಚಾರ್ಜರ್ ಜೋಡಣೆಯನ್ನು ಒಪ್ಪಿದ್ದಾರಲ್ಲ ಎಂಬುದು ಮೊದಲನೆಯದು. ಟೊಯೋಟದ ರೇಸಿಂಗ್ ವಿಭಾಗ ಹಿಂದೆ 5.7 ಲೀಟರಿನ ಟಂಡ್ರಾಕ್ಕೆ ಮಾರುತ್ತಿದ್ದ ಸೂಪರ್‌ಚಾರ್ಜರ್ ಅದರ 381 ಅಶ್ವಶಕ್ತಿಯನ್ನು 504ಕ್ಕೆ ಏರಿಸುತ್ತಿತ್ತು. ಫೋರ್ಡ್‌ನ ಬಿಡಿಭಾಗ ವಿಭಾಗ ಎಫ್-150ರ ಅದೇ 12:1ರ ಎಂಜಿನ್ನನ್ನು 700 ಅಶ್ವಶಕ್ತಿಗೆ ಒಯ್ಯುವ ಕಿಟ್ಟನ್ನು, ಅಧಿಕೃತವಾಗಿ ಜೋಡಿಸಿದರೆ ಸೀಮಿತ ವಾರಂಟಿಯೊಂದಿಗೆ ಮಾರಿದೆ. ಇವುಗಳಿಂದ ಸಿದ್ಧವಾಗುವುದು, ಎಚ್ಚರದಿಂದ ಮಾಡಿದ ಜೋಡಣೆಯಿಂದ ಎಂಜಿನ್ ಕೂಡಲೇ ಹಾಳಾಗುವುದಿಲ್ಲ ಎಂಬಷ್ಟು. ಅದನ್ನು ಇಲ್ಲಿ ಯಾರೂ ಅಲ್ಲಗಳೆದಿಲ್ಲ. 300 ಅಶ್ವಶಕ್ತಿ ಸೇರಿಸಿದ ಕಿಟ್ಟಿಗಾಗಿ ಎಳೆತದ ಮಿತಿಯನ್ನು ತಯಾರಕರು ಮೇಲೇರಿಸುವುದಿಲ್ಲ ಎಂಬುದನ್ನೂ ಜೊತೆಗೇ ಗಮನಿಸಬೇಕು.

ಎರಡನೆಯದು ಎತ್ತರದ ಆಕ್ಷೇಪ. ಕೊಲರಾಡೊದ ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಅದರ ಪಶ್ಚಿಮಕ್ಕಿರುವ ಐಸೆನ್‌ಹೋವರ್ ಸುರಂಗದ ಬಳಿ ಹೆದ್ದಾರಿ 11,000 ಅಡಿಯನ್ನು ದಾಟುತ್ತದೆ, ಅಲ್ಲಿ ಸಾಮಾನ್ಯ ಎಂಜಿನ್ ತನ್ನ ಬಲದಲ್ಲಿ ಶೇಕಡ 30ರಷ್ಟನ್ನು ಕಳೆದುಕೊಳ್ಳುತ್ತದೆ. ಉಪಯೋಗದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೂ 400ರಲ್ಲಿ ಶೇಕಡ 30 ಹೋದ ಮೇಲೆ 280 ಉಳಿಯುತ್ತದೆ, ಬೇಕಾದದ್ದು 200ರಷ್ಟು. ಸುತ್ತುಗಳೂ ಸದ್ದೂ ಇನ್ನಷ್ಟು ಹೆಚ್ಚುತ್ತವೆ, ದಿಬ್ಬ ಮುಗಿಯುತ್ತದೆ. ಇಷ್ಟೇ ಅಲ್ಲ, ಬೆಲ್ಟಿಗೆ ಕಟ್ಟಿದ ಸೂಪರ್‌ಚಾರ್ಜರ್ ಎಂಜಿನ್ ಸುತ್ತಿದಷ್ಟೇ ಪ್ರಮಾಣದಲ್ಲಿ ಸುತ್ತುವುದರಿಂದ ತೆಳುಗಾಳಿಯ ನಷ್ಟವನ್ನು ಅದು ತುಂಬಿಕೊಡುವುದಿಲ್ಲ, ತಾನೂ ಅದರಲ್ಲಿ ಪಾಲುಗೊಳ್ಳುತ್ತದೆ. ಎರಡನೆಯ ಮಹಾಯುದ್ಧದ ವಿಮಾನಗಳ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ನುಗಳಲ್ಲಿ ಸೂಪರ್‌ಚಾರ್ಜರಿಗೆ ಎರಡು ವೇಗಗಳ ಗೇರು ಅಳವಡಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಎತ್ತರಕ್ಕೆ ತಕ್ಕಂತೆ ತನ್ನ ವೇಗವನ್ನು ಏರಿಸಿಕೊಳ್ಳಬಲ್ಲದ್ದು ಟರ್ಬೊ.

ಮೂರನೆಯ ಆಕ್ಷೇಪ ಆ ಟರ್ಬೊದಿಂದಲೇ ಹುಟ್ಟುತ್ತದೆ. ಫೋರ್ಡ್ 2011ರಿಂದ ಎಫ್-150ರಲ್ಲಿ 3.5 ಲೀಟರಿನ ಜೋಡಿ-ಟರ್ಬೊ ವಿ6 ಕೊಡುತ್ತಿದೆ, ಟೊಯೋಟ 2022ರ ಟಂಡ್ರಾದಲ್ಲಿ ವಿ8ನ್ನೇ ಕೈಬಿಟ್ಟಿತು. ಒತ್ತಡದ ಗಾಳಿ ಹೊರೆ ಎಳೆಯಲು ತಕ್ಕದ್ದಲ್ಲದಿದ್ದರೆ ತಯಾರಕರು ಹೀಗೇಕೆ ಮಾಡುತ್ತಾರೆ? ಉತ್ತರವಿರುವುದು ಆ ಎಂಜಿನ್ನುಗಳ ಗಾತ್ರದಲ್ಲಿ. ಅಲ್ಲಿ ಒತ್ತಡದ ಗಾಳಿ ದೊಡ್ಡ ಎಂಜಿನ್ನಿಗೆ ಬದಲಿ. ಹಗುರ ಹೊರೆಯಲ್ಲಿ ಇಂಧನ ಉಳಿಸಲೆಂದು ಸಿಲಿಂಡರುಗಳನ್ನು ಕುಗ್ಗಿಸಿ, ಪಿಸ್ಟನ್ನಿನಿಂದ ರೇಡಿಯೇಟರಿನವರೆಗೆ ಎಲ್ಲವನ್ನೂ ಮೊದಲೇ ಅದಕ್ಕೆ ಹೊಂದಿಸಿರುತ್ತಾರೆ. ಜೋಡಣೆಯ ಸೂಪರ್‌ಚಾರ್ಜರ್ ದೊಡ್ಡ ಎಂಜಿನ್ನಿಗೆ ಬದಲಿಯಲ್ಲ, ಅದರ ಮೇಲಿನ ಹೊರೆ. ಈ ಜಗಳ ಹೊಸದೇನೂ ಅಲ್ಲ. ಬ್ರಿಟಿಷ್ ಕಾರು ತಯಾರಕ ಡಬ್ಲ್ಯು. ಓ. ಬೆಂಟ್ಲಿ ತನ್ನ ನಾಲ್ಕೂವರೆ ಲೀಟರಿನ ಕಾರಿಗೆ ಸೂಪರ್‌ಚಾರ್ಜರ್ ಹಾಕುವುದನ್ನು ವಿರೋಧಿಸಿ, ಹೆಚ್ಚು ಬಲ ಬೇಕಿದ್ದರೆ ದೊಡ್ಡ ಎಂಜಿನ್ನನ್ನೇ ಮಾಡಬೇಕೆಂಬ ನಿಲುವು ತಳೆದಿದ್ದ. 1930ರ ಲೆ ಮಾನ್ಸ್ ಕಾರು ಪಂದ್ಯದಲ್ಲಿ ಸೂಪರ್‌ಚಾರ್ಜ್ಡ್ ಬೆಂಟ್ಲಿಗಳು ನಡುವೆಯೇ ನಿಂತುಹೋದವು, ಆರೂವರೆ ಲೀಟರಿನ ಸ್ಪೀಡ್ ಸಿಕ್ಸ್ ಗೆದ್ದಿತು. ಒಂದು ಪಂದ್ಯದಿಂದ ಸಿದ್ಧಾಂತ ಸ್ಥಾಪನೆಯಾಗದು ಎಂಬುದೂ ನಿಜವೇ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಸೋತ ಕಾರು.

ಹೊರೆ ಎಳೆಯುವ ಅಗತ್ಯವೇ ನಿಜವಾದ ಕಾರಣವಾಗಿದ್ದರೆ ಅದಕ್ಕೆ ಸೂಪರ್‌ಚಾರ್ಜರಿಗಿಂತ ನೇರವಾದ ದಾರಿಗಳಿವೆ. ಹಿಂದಿನ ಆಕ್ಸಲಿನ ಗೇರು ಅನುಪಾತವನ್ನು 3.31ರಿಂದ 3.73ಕ್ಕೆ ಬದಲಿಸಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ತಲುಪುವ ತಿರುಗುಬಲ ಶೇಕಡ 12ಕ್ಕೂ ಹೆಚ್ಚಾಗುತ್ತದೆ. ಸಿಲಿಂಡರಿನೊಳಗಿನ ಒತ್ತಡದ ಮಿತಿ ಏರುವುದಿಲ್ಲ, ಪೆಟ್ರೋಲಿನ ದರ್ಜೆ ಬದಲಾಗುವುದಿಲ್ಲ. ಹೊರೆ ಅದಕ್ಕೂ ಮೀರಿದ್ದಾದರೆ ಬೇಕಾದದ್ದು ಭಾರವಾದ ಚಾಸಿಯ, ಅಮೆರಿಕದಲ್ಲಿ ‘ಮುಕ್ಕಾಲು ಟನ್’ ಎಂದು ಕರೆಯುವ ಮೇಲಿನ ವರ್ಗದ ಟ್ರಕ್ಕು. ಇಷ್ಟಾದರೂ ಸಾವಿರಾರು ಜನ ಸೂಪರ್‌ಚಾರ್ಜರ್ ಹಾಕಿಸುತ್ತಾರೆಂದರೆ ಅವರು ಕೊಳ್ಳುತ್ತಿರುವುದು ಎಳೆತವನ್ನಲ್ಲ. ಪಾದ ಒತ್ತಿದೊಡನೆ ಎರಡೂವರೆ ಟನ್ನಿನ ಗಾಡಿ ಮುನ್ನುಗ್ಗುವ ಸುಖವನ್ನು. ಆ ಸುಖ ಕೀಳಲ್ಲ, ಅದಕ್ಕೆ ಸಮರ್ಥನೆಯೂ ಬೇಕಿಲ್ಲ. ಸಂಗೀತದ ಪೆಟ್ಟಿಗೆಗೋ ಕುದುರೆಗೋ ಹಣ ಸುರಿಯುವವರನ್ನು ಯಾರೂ ಉಪಯೋಗವೇನೆಂದು ಕೇಳುವುದಿಲ್ಲ. ಸುಖವೆಂದು ಒಪ್ಪಿಕೊಂಡವನ ಲೆಕ್ಕ ಸರಳವೂ ಹೌದು: ಕಿಟ್ಟಿನ ಮತ್ತು ಜೋಡಣೆಯ ಸಾವಿರಾರು ಡಾಲರು, ಟ್ರಕ್ಕಿನ ಆಯುಷ್ಯದುದ್ದಕ್ಕೂ ಪ್ರೀಮಿಯಂ ಪೆಟ್ರೋಲಿನ ವ್ಯತ್ಯಾಸ, ಎಂಜಿನ್ ದುರಸ್ತಿಗೆಂದು ತೆಗೆದಿಟ್ಟ ಒಂದು ಮೊತ್ತ, ಮತ್ತು ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿದ್ದರೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆಯಿರುವ ಕಿಟ್ಟನ್ನೇ ಆರಿಸುವ ಜಾಗ್ರತೆ. ಅಂಥ ಟ್ರಕ್ಕಿಗೆ ವಾರಾಂತ್ಯದಲ್ಲಿ ಟ್ರೈಲರ್ ಕಟ್ಟಬಾರದೆಂದೇನೂ ಇಲ್ಲ. ಬಾಗಿಲಂಚಿನ ಚೀಟಿ ಹೇಳುವ ತೂಕಕ್ಕೆ ಬದ್ಧನಾಗಿ, ಹೆಚ್ಚುವರಿ 300 ಅಶ್ವಶಕ್ತಿಯನ್ನು ಮುಟ್ಟದೆ, ಜೋಡಣೆಗೆ ಮುಂಚೆ ಏರುತ್ತಿದ್ದ ವೇಗದಲ್ಲೇ ಘಟ್ಟವನ್ನು ಏರಬೇಕಾಗುತ್ತದೆ.